ಕಡಲಾಚೆಯ ವಿದ್ಯೆ

ಕ್ರಿ.ಶ. ೧೮೮೩ನೆಯ ಇಸವಿ ಫೆಬ್ರವರಿ ೨೪ರಂದು ಬಂಗಾಳದ ಸೆರಾಂಪುರ ಕಾಲೇಜಿನಲ್ಲಿ ಒಂದು ಸಭೆ ಸೇರಿದ್ದಿತು. ಸೆರಾಂಪುರವು ಕಲ್ಕತ್ತೆಗೆ ಸಮೀಪದಲ್ಲಿ, ಹೂಗ್ಲಿ ನದಿಯ ಪಶ್ಚಿಮ ದಂಡೆಯ ಮೇಲಿರುವ ಊರು. ವಿಲಿಯಂ ಕೇರಿ ಎಂಬ ಪಾದ್ರಿ ರಚಿಸಿದ ಕನ್ನಡ ವ್ಯಾಕರಣವೊಂದು ೧೮೧೭ರಲ್ಲಿ ಅಚ್ಚಾದುದು ಇದೇ ಊರಿನಲ್ಲಿ. ಆದುದರಿಂದ ಕನ್ನಡಿಗರಿಗೆ ಈ ಹೆಸರು ತೀರ ಅಪರಿಚಿತವಾದುದಲ್ಲ. ಅಂದು ಆ ಸಭೆಯಲ್ಲಿ ಎದ್ದು ನಿಂತು ಮಾತನಾಡಿದವರು ಮಹಾರಾಷ್ಟ್ರದ ಒಬ್ಬ ಗೃಹಿಣಿ. ಅವರಿಗೆ ಹದಿನೆಂಟು ವರ್ಷ ತುಂಬಲು ಇನ್ನೂ ಒಂದು ತಿಂಗಳಿಗಿಂತ ಹೆಚ್ಚು ಕಾಲವಿದ್ದಿತು. ಗಂಡನನ್ನೂ ನೆಂಟರಿಷ್ಟರನ್ನೂ ಬಿಟ್ಟು, ಹಡಗನ್ನೇರಿ ಅಮೆರಿಕಕ್ಕೆ ಹೋಗಿ, ವೈದ್ಯಶಾಸ್ತ್ರವನ್ನು ಕಲಿತು ಬರಬೇಕೆಂದು ಅವರು ನಿಶ್ಚಯಿಸಿದ್ದರು. ಅಂತಹ ಮಾತನ್ನು ಹೆಂಗಸು ಮನೆಯೊಳಗೆ ಆಡುವುದೇ ಕಠಿನವಾಗಿದ್ದ ಆ ಕಾಲದಲ್ಲಿ ಅವರು ಅದನ್ನು ತುಂಬಿದ ಸಭೆಯಲ್ಲಿ, ಇಂಗ್ಲಿಷ್ ಭಾಷೆಯಲ್ಲಿ, ಸಕಾರಣವಾಗಿ ವಿವರಿಸಿದರು. ಅವರೇ ಆನಂದಿಬಾಯಿ ಜೋಶಿ.

ಪರದೇಶಕ್ಕೆ ಓದಲು ಹೋಗುವುದೆಂದರೆ ಅಂದು ಈಗಿನಷ್ಟು ಸುಲಭವಾಗಿರಲಿಲ್ಲ. ಹಡಗಿನಲ್ಲಿ ಎರಡು ತಿಂಗಳ ಪ್ರಯಾಣ, ಬರೆದ ಕಾಗದಕ್ಕೆ ಉತ್ತರ ಬರಲು ಅದಕ್ಕಿಂತಲೂ ಹೆಚ್ಚು ಕಾಲ. ಅದು ಸಾಲದೆಂಬಂತೆ, ಸಮುದ್ರವನ್ನು ದಾಟಿದವರು ಜಾತಿಗೆ ಹೊರಗು ಎಂಬ ನಂಬಿಕೆ ಬೇರೆ. ಗಂಡಸರೇ ಹಿಂದೆಗೆಯುತ್ತಿದ್ದ ಈ ಕಾರ್ಯಕ್ಕೆ ಒಬ್ಬ ತರುಣಿ ಹೇಗೆ ಅಣಿಯಾದಳು? ಅದು ಒಂದು ದಿನದ ಧೈರ್ಯದಿಂದ ಆದುದಲ್ಲ. ಅದರ ಹಿಂದೆ ಹಲವು ವರ್ಷಗಳ ಸಿದ್ಧತೆಯಿದ್ದಿತು.

ಆನಂದಿಬಾಯಿಯವರು ಹುಟ್ಟಿದುದು ೧೮೬೫ನೆಯ ಮಾರ್ಚ್ ೩೧ರಂದು. ಅವರ ತಂದೆ ಗಣಪತರಾವ್ ಜೋಶಿಯವರದು ಮುಂಬಯಿಗೆ ಹತ್ತಿರದ ಕಲ್ಯಾಣದಲ್ಲಿ ಹೆಸರಾಗಿದ್ದ ಮನೆತನ. ಹಿಂದೆ ಭೂಮಿಕಾಣಿಗಳಿಂದ ಬಾಳಿದ್ದ ಆ ಮನೆಯ ಸ್ಥಿತಿ ಆ ವೇಳೆಗೆ ಇಳಿಮುಖವಾಗಿದ್ದಿತು. ಹುಡುಗಿಗೆ ತಂದೆತಾಯಿಗಳು ಇಟ್ಟ ಹೆಸರು ಯಮುನಾ. ಆಕೆಗೆ ಒಂಬತ್ತು ವರ್ಷವಾದಾಗ, ಅಂದಿನ ವಾಡಿಕೆಯಂತೆ, ಮದುವೆಯಾಯಿತು. ವರ ಗೋಪಾಲರಾವ್ ಜೋಶಿ ಅಂಚೆ ಕಚೇರಿಯಲ್ಲಿ ಗುಮಾಸ್ತ. ಮೊದಲ ಹೆಂಡತಿಯನ್ನು ಕಳೆದುಕೊಂಡವರು. ವಯಸ್ಸಿನಲ್ಲಿ ಆಕೆಗಿಂತ ಹೆಚ್ಚುಕಡಮೆ ಇಪ್ಪತ್ತು ವರ್ಷ ದೊಡ್ಡವರು. ಮದುವೆಯ ಬಳಿಕ ಯಮುನಾ ಎಂಬ ಹೆಸರು ಹೋಗಿ ಆನಂದಿ ಎಂಬ ಹೆಸರು ಬಂದಿತು.

ಗೋಪಾಲರಾಯರು ವಿಚಿತ್ರ ಸ್ವಭಾವದ ಮನುಷ್ಯ. ಹೆಂಡತಿಗೆ ಓದು ಕಲಿಸಲೇಬೇಕೆಂಬುದು ಅವರ ಹಟ. ಹೆಂಡತಿ ಅಡುಗೆ ಮಾಡಲಿಲ್ಲವೆಂದು ಸಿಡುಕುವ ಗಂಡಂದಿರನ್ನು ಲೋಕವು ಕಂಡಿದ್ದಿತು. ಓದುವುದನ್ನು ಬಿಟ್ಟು ಅಡುಗೆಮನೆಯಲ್ಲಿ ಕುಳಿತಳೆಂದು ಸಿಡುಕಿದ ಗಂಡ ಇವರೊಬ್ಬರೇ ಇರಬೇಕು! ಸಿಡುಕು ಎಷ್ಟೋ ವೇಳೆ ಮಾತಿನಲ್ಲಿಯೇ ನಿಲ್ಲುತ್ತಿರಲಿಲ್ಲ. ಪುಟ್ಟ ಹುಡುಗಿಯಾಗಿದ್ದಾಗ ತನ್ನ ಮೇಲೆ ಕಟ್ಟಿಗೆಯ ಚೂರುಗಳನ್ನು ಎಸೆದುದನ್ನೂ, ಬಿಟ್ಟುಹೋಗುವೆನೆಂದು ಹೆದರಿಸಿದುದನ್ನೂ ಆನಂದಿಬಾಯಿಯವರು ಮುಂದೆ ಅಮೆರಿಕದಿಂದ ಬರೆದ ಕಾಗದವೊಂದರಲ್ಲಿ ಗಂಡನಿಗೆ ನೆನಪು ಮಾಡಿಕೊಟ್ಟಿದ್ದಾರೆ. ಆ ನಡವಳಿಕೆಯನ್ನು ಒಳ್ಳೆಯದೆನ್ನಬೇಕೋ ಕೆಟ್ಟದ್ದೆನ್ನಬೇಕೋ ಹೇಳುವುದು ಕಷ್ಟವೆಂಬುದು ಅವರ ಅಭಿಪ್ರಾಯವಾಗಿದ್ದಿತು. ಎಳೆಯ ಹುಡುಗಿಯನ್ನು ಹೊಡೆದು ಓದಿಸಿದುದನ್ನು, ಅದರಿಂದ ದೊರೆತ ಫಲ ಎಷ್ಟೇ ದೊಡ್ಡದಾಗಿರಲಿ, ಸರಿಯೆನ್ನಲಾಗದು. ಆದರೆ ಅಕ್ಷರ ಕಲಿತ ಹೆಂಗಸಿನ ಗಂಡ ಬೇಗ ಸಾಯುತ್ತಾನೆಂದು ನಂಬಿದ್ದ ಸಮಾಜದಲ್ಲಿ, ಹೆಂಡತಿಯ ಕೈಗೆ ಪುಸ್ತಕವನ್ನು ಕೊಟ್ಟವರೂ ಅವರೇ. ಈ ಎರಡು ಮಾತುಗಳೂ ನಿಜ.

ಆನಂದಿಬಾಯಿಯ ಹದಿನಾಲ್ಕನೆಯ ವಯಸ್ಸಿನಲ್ಲಿ ಒಂದು ಗಂಡುಮಗು ಹುಟ್ಟಿತು. ಹತ್ತು ದಿನ ಮಾತ್ರ ಬದುಕಿದ್ದು ಆ ಮಗು ತೀರಿಕೊಂಡಿತು. ತಕ್ಕ ವೈದ್ಯಸಹಾಯ ದೊರೆತಿದ್ದರೆ ಅದು ಉಳಿಯುತ್ತಿದ್ದಿತೆಂಬ ಕೊರಗು ತಾಯಿಯ ಮನಸ್ಸಿನಲ್ಲಿ ನಾಟಿ ನಿಂತಿತು. ಅಂದಿನ ಹೆಂಗಸರ ಪಾಡು ಹೇಗಿದ್ದಿತೆಂಬುದನ್ನು ಇಲ್ಲಿ ಅರಿತುಕೊಳ್ಳಬೇಕು. ಕಲಿತ ವೈದ್ಯರೆಲ್ಲರೂ ಗಂಡಸರು. ಅವರೆದುರಿಗೆ ತಮ್ಮ ಕಾಯಿಲೆಯನ್ನು ಹೇಳಿಕೊಳ್ಳುವುದಕ್ಕಿಂತ ಸಾಯುವುದೇ ಮೇಲೆಂದು ಬಗೆಯುತ್ತಿದ್ದ ಹೆಂಗಸರು ಮನೆಮನೆಯಲ್ಲಿಯೂ ಇದ್ದರು. ಹೆಂಗಸರಿಗೆ ಹೆಂಗಸರೇ ವೈದ್ಯರಾಗಬೇಕು; ತಾನೇ ಏಕೆ ವೈದ್ಯಳಾಗಬಾರದು? ಗಂಡನ ಹಟಕ್ಕೆ ಕಲಿಯುತ್ತಿದ್ದ ಹುಡುಗಿ ಅಂದಿನಿಂದ ತನ್ನ ಸ್ವಂತ ಗುರಿಗಾಗಿ ಕಲಿಯತೊಡಗಿದಳು.

ಗೋಪಾಲರಾಯರಿಗೆ ಊರಿಂದೂರಿಗೆ ವರ್ಗವಾಗುತ್ತಿದ್ದಿತು. ಅಲಿಬಾಗ, ಕೊಲ್ಲಾಪುರ, ಮುಂಬಯಿ, ಕಚ್ಛ ಪ್ರಾಂತದ ಭುಜ್, ಕೊನೆಗೆ ಕಲ್ಕತ್ತೆಯ ಕಡೆ ಬಾರಕ್‌ಪುರ, ಸೆರಾಂಪುರ ಹೀಗೆ ದಂಪತಿಗಳು ದೇಶದ ಪಶ್ಚಿಮದಿಂದ ಪೂರ್ವಕ್ಕೆ ಸಂಚರಿಸಿದರು. ಮುಂಬಯಿಯಲ್ಲಿ ಆನಂದಿಬಾಯಿ ಕೆಲವು ಕಾಲ ಮಿಷನ್ ಶಾಲೆಗೆ ಹೋದುದೂ ಉಂಟು. ಉಳಿದಂತೆ ಅವರ ಶಾಲೆಯೂ ಗುರುವೂ ಮನೆಯಲ್ಲಿಯೇ. ಮರಾಠಿ ಬಂದಿತು, ಸಂಸ್ಕೃತ ಬಂದಿತು, ಇಂಗ್ಲಿಷ್ ಬಂದಿತು. ಪರದೇಶದಲ್ಲಿ ಪಾಠ ಕೇಳಬೇಕಾದರೆ ಆ ದೇಶದ ನುಡಿ ಮೊದಲು ಕೈವಶವಾಗಬೇಕಷ್ಟೆ. ಆನಂದಿಬಾಯಿಯವರ ಅಮೆರಿಕ ಪ್ರಯಾಣದ ನಿಜವಾದ ಮೊದಲ ಹೆಜ್ಜೆ ಈ ಇಂಗ್ಲಿಷ್ ಕಲಿಕೆಯೆಂದೇ ಹೇಳಬೇಕು.

ಬೆಳಗಾವಿಗೆ ಸಮೀಪದ ಕೊಲ್ಲಾಪುರದಲ್ಲಿದ್ದಾಗ, ೧೮೭೮ರಲ್ಲಿ, ಗೋಪಾಲರಾಯರು ಅಮೆರಿಕದ ಪಾದ್ರಿಗಳಿಗೆ ಒಂದು ಕಾಗದ ಬರೆದರು. ತಮ್ಮ ಹೆಂಡತಿಗೆ ಅಮೆರಿಕದಲ್ಲಿ ವಿದ್ಯಾಭ್ಯಾಸ ಮಾಡಿಸುವ ಆಸೆಯಿದೆ, ತಮಗೆ ಅಲ್ಲಿ ಏನಾದರೂ ಉದ್ಯೋಗ ದೊರಕೀತೇ ಎಂಬುದು ಅದರ ತಾತ್ಪರ್ಯ. ಅಮೆರಿಕದಲ್ಲಿ ಮಿಷನರಿ ಪತ್ರಿಕೆಯೊಂದನ್ನು ನಡೆಸುತ್ತಿದ್ದ ವೈಲ್ಡರ್ ಎಂಬವರು ಆ ಪತ್ರವ್ಯವಹಾರವನ್ನು ತಮ್ಮ ಪತ್ರಿಕೆಯಲ್ಲಿ ಅಚ್ಚುಮಾಡಿದರು. ಕ್ರೈಸ್ತಮತಕ್ಕೆ ಸೇರಿದರೆ ನೆರವಾಗಬಹುದೆಂಬ ಧ್ವನಿ ಅವರ ಉತ್ತರದಲ್ಲಿದ್ದಿತು. ಜೋಶಿ ದಂಪತಿಗಳಿಗೆ ಅದು ಒಪ್ಪಿಗೆಯಾಗಲಿಲ್ಲ. ಅಲ್ಲಿಗೆ ಆ ಮಾತು ಮುಗಿಯಿತೆಂದೇ ಯಾರೂ ತಿಳಿಯಬಹುದಾಗಿದ್ದಿತು.

ಆದರೆ ಅಚ್ಚಾದ ಕಾಗದಕ್ಕೆ ತನ್ನದೇ ಆದ ಪ್ರಯಾಣವುಂಟು. ಅಮೆರಿಕದ ನ್ಯೂಜರ್ಸಿ ಪ್ರಾಂತದಲ್ಲಿ ರೋಸೆಲ್ ಎಂಬ ಊರು. ಅಲ್ಲಿಯ ತಿಯೊಡೋಸಿಯಾ ಕಾರ್ಪೆಂಟರ್ ಎಂಬ ಗೃಹಿಣಿ ೧೮೮೦ರಲ್ಲಿ ಒಮ್ಮೆ ಹಲ್ಲಿನ ವೈದ್ಯರಲ್ಲಿಗೆ ಹೋಗಿದ್ದರು. ತಮ್ಮ ಸರದಿ ಬರುವವರೆಗೆ ಹೊತ್ತು ಕಳೆಯಲು ಅಲ್ಲಿದ್ದ ಹಳೆಯ ಪತ್ರಿಕೆಯೊಂದನ್ನು ಕೈಗೆತ್ತಿಕೊಂಡರು. ಅದರಲ್ಲಿ ಗೋಪಾಲರಾಯರ ಕಾಗದವೂ, ಅದಕ್ಕೆ ಬಂದ ಉತ್ತರವೂ ಕಣ್ಣಿಗೆ ಬಿದ್ದುವು. ಸಾವಿರಾರು ಮೈಲಿ ದೂರದ ದೇಶದಲ್ಲಿ ಕಲಿಯಬೇಕೆಂದು ಹಂಬಲಿಸುತ್ತಿದ್ದ ಹುಡುಗಿಯ ಮೇಲೆ ಆಕೆಗೆ ಕನಿಕರವೂ ಮಮತೆಯೂ ಹುಟ್ಟಿದುವು. ಆಕೆ ಆನಂದಿಬಾಯಿಗೆ ಕಾಗದ ಬರೆದರು. ಆನಂದಿಬಾಯಿ ಉತ್ತರ ಬರೆದರು.

ಹೀಗೆ ತೊಡಗಿದ ಪತ್ರವ್ಯವಹಾರ ಮೂರು ವರ್ಷಗಳ ಕಾಲ ಎಡೆಬಿಡದೆ ನಡೆಯಿತು. ಆನಂದಿಬಾಯಿಯವರ ಸಿದ್ಧತೆಯಲ್ಲಿ ಅತ್ಯಂತ ಬೆಲೆಯುಳ್ಳ ಭಾಗ ಇದೇ. ಒಬ್ಬರು ತಮ್ಮ ಮನೆಯ ನಡೆನುಡಿಗಳನ್ನು ತಿಳಿಸುವರು. ಇನ್ನೊಬ್ಬರು ತಮ್ಮವನ್ನು ತಿಳಿಸುವರು. ಹಿಂದೂ ಹೆಂಗಸರ ಬಾಳು, ಬಾಲ್ಯವಿವಾಹ, ಹಬ್ಬ, ಆಚಾರ ಇವೆಲ್ಲವೂ ಆ ಕಾಗದಗಳಲ್ಲಿ ಬಂದುವು. ಬರೆಯುತ್ತ ಬರೆಯುತ್ತ ಆನಂದಿಬಾಯಿಯವರ ಇಂಗ್ಲಿಷ್ ಹದಗೊಂಡಿತು. ಅದಕ್ಕಿಂತ ಮಿಗಿಲಾಗಿ, ಕಾಣದ ದೇಶದಲ್ಲಿ ಅವರಿಗೆ ಒಂದು ಮನೆ ದೊರೆಯಿತು. ಮರಾಠಿಯಲ್ಲಿ ತಾಯಿಯ ಸೋದರಿಯನ್ನು ಮಾವಶಿ ಎನ್ನುತ್ತಾರೆ. ಕಾರ್ಪೆಂಟರ್ ಅವರು ಆನಂದಿಬಾಯಿಗೆ ಮಾವಶಿಯಾದರು. ಮುಖವನ್ನೇ ನೋಡದ ಇಬ್ಬರ ನಡುವೆ ಬರಿಯ ಕಾಗದದಿಂದ ಬೆಳೆದ ಈ ನೆಂಟಸ್ತಿಕೆ ಕೊನೆಯವರೆಗೂ ಸಡಿಲಲಿಲ್ಲ.

ಕಲ್ಕತ್ತೆಯ ಕಡೆಗೆ ಬಂದ ಮೇಲೆ ಆನಂದಿಬಾಯಿಯವರ ಆರೋಗ್ಯ ಕೆಡತೊಡಗಿತು. ಮೇಲಿಂದ ಮೇಲೆ ತಲೆನೋವು, ಜ್ವರ, ನಿಶ್ಶಕ್ತಿ. ಒಮ್ಮೊಮ್ಮೆ ಉಸಿರಾಟಕ್ಕೂ ತೊಂದರೆ. ಕಾರ್ಪೆಂಟರ್ ಅವರು ಅಮೆರಿಕದಿಂದ ಔಷಧಗಳನ್ನು ಕಳುಹಿಸಿದರೂ ಅವುಗಳಿಂದ ಗುಣ ಕಾಣಲಿಲ್ಲ. ಊರಿನ ಜನರೂ ನೆಮ್ಮದಿ ಕೊಡಲಿಲ್ಲ. ಹೆಂಗಸರು ಗೋಷೆಯಲ್ಲಿರುತ್ತಿದ್ದ ಬಂಗಾಳದಲ್ಲಿ, ಗಂಡನೊಡನೆ ಬೀದಿಯಲ್ಲಿ ನಡೆದುಹೋಗುವ ಹೆಂಗಸೆಂದರೆ ನಗೆಪಾಟಲಿನ ವಸ್ತು.

ಗೋಪಾಲರಾಯರಿಗೆ ತಂದೆತಾಯಿಗಳನ್ನೂ ತಮ್ಮಂದಿರನ್ನೂ ಸಾಕುವ ಭಾರವಿದ್ದಿತು. ಇಬ್ಬರ ಪ್ರಯಾಣಕ್ಕೆ ಸಾಕಾಗುವಷ್ಟು ಹಣವನ್ನು ಕೂಡಿಸುವುದು ಅವರಿಂದಾಗದು. ಅವರಿಗೆ ಹಣವೊದಗುವವರೆಗೆ ಕಾದರೆ ಕಾದಷ್ಟೂ ಕಾಲ ಕಳೆದುಹೋಗುವುದು. ಆದುದರಿಂದ ಹೆಂಡತಿ ಮುಂದಾಗಿ ಹೋಗುವುದು, ತಾವು ಅನುಕೂಲವಾದಾಗ ಬರುವುದು ಎಂದು ತೀರ್ಮಾನವಾಯಿತು. ಕಲಿಯುವುದು ಎಲ್ಲಿ ಎಂಬ ಪ್ರಶ್ನೆಗೂ ಉತ್ತರ ದೊರೆಯಿತು. ಪೆನ್ಸಿಲ್ವೇನಿಯಾ ಪ್ರಾಂತದ ಫಿಲಡೆಲ್ಫಿಯಾ ನಗರದಲ್ಲಿ ಹೆಂಗಸರಿಗಾಗಿಯೇ ೧೮೫೦ರಲ್ಲಿ ಸ್ಥಾಪಿತವಾದ ಒಂದು ವೈದ್ಯಕೀಯ ಕಾಲೇಜಿದ್ದಿತು. ಅಲ್ಲಿಗೆ ಅರ್ಜಿ ಹಾಕಬಹುದೆಂದು, ಪರಿಚಿತರಾದ ವೈದ್ಯ ದಂಪತಿಗಳು ಸೂಚಿಸಿದರು.

ಇದು ಹೊರಗೆ ತಿಳಿದಾಗ ಟೀಕೆಗಳ ಮಳೆಯೇ ಸುರಿಯಿತು. ಸನಾತನಿಗಳು ಜಾತಿ ಕೆಟ್ಟಿತೆಂದರು. ಕ್ರೈಸ್ತರಲ್ಲಿ ಕೆಲವರು, ಅವರು ಮತಾಂತರವಾಗಿಯೇ ಹೋಗಲೆಂದು ಒತ್ತಾಯಿಸಿದರು. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಉತ್ತರ ಹೇಳುವ ಬದಲು ಎಲ್ಲರಿಗೂ ಒಮ್ಮೆಗೇ ಹೇಳಿಬಿಡುವುದು ಲೇಸೆಂದು ಆನಂದಿಬಾಯಿಯವರು ಸೆರಾಂಪುರ ಕಾಲೇಜಿನ ಸಭೆಯಲ್ಲಿ ನಿಂತರು. ಜನ ತಮ್ಮನ್ನು ಕೇಳುತ್ತಿದ್ದ ಆರು ಪ್ರಶ್ನೆಗಳನ್ನು ತಾವೇ ಎತ್ತಿಕೊಂಡು, ಒಂದೊಂದಕ್ಕೂ ಉತ್ತರವಿತ್ತರು.

ಅಮೆರಿಕಕ್ಕೆ ಏಕೆ ಹೋಗಬೇಕು, ಇಲ್ಲಿಯೇ ಕಲಿಯಬಾರದೇ ಎಂಬುದು ಅವುಗಳಲ್ಲಿ ಮುಖ್ಯವಾದ ಪ್ರಶ್ನೆ. ಅವರ ಉತ್ತರ ನೇರವಾಗಿದ್ದಿತು. ಮದರಾಸಿನ ವೈದ್ಯಕೀಯ ಕಾಲೇಜು ೧೮೭೫ರಿಂದ ಹೆಂಗಸರಿಗೆ ಪ್ರವೇಶ ಕೊಡುತ್ತಿದ್ದುದು ನಿಜ. ಬೇರೆ ಕಡೆಗಳಲ್ಲಿ ಸೂಲಗಿತ್ತಿಯರ ತರಗತಿಗಳೂ ಇದ್ದುವು. ಆದರೆ ಅಲ್ಲಿ ದೊರೆಯುವ ಶಿಕ್ಷಣ ಅರೆಕೊರೆಯಾದುದು. ಬೋಧಕರಿಗೂ ಹೆಂಗಸರು ಕಲಿಯುವುದರಲ್ಲಿ ಮನಸ್ಸಿಲ್ಲ ಎಂದು ಅವರು ವಾದಿಸಿದರು. ಕಲ್ಕತ್ತೆಯ ವೈದ್ಯಕೀಯ ಕಾಲೇಜಿನ ಬಾಗಿಲು ಆಗಿನ್ನೂ ಹೆಂಗಸರಿಗೆ ತೆರೆದಿರಲಿಲ್ಲ. ಜೊತೆಗೆ, ಓದಲು ಹೊರಟ ಹೆಂಗಸು ಹಾದಿಯಲ್ಲಿ ಅನುಭವಿಸಬೇಕಾದ ಅವಮಾನಗಳನ್ನೂ ಅವರು ಮರೆಮಾಚದೆ ಬಿಚ್ಚಿಟ್ಟರು. ತಾವು ನಡೆದುಹೋಗುವಾಗ ಜನ ಗುಂಪುಗೂಡಿ ನೋಡುತ್ತಿದ್ದುದು, ಜಗಲಿಯ ಮೇಲೆ ಕುಳಿತವರು ಹಾಸ್ಯ ಮಾಡುತ್ತ ಹರಳುಗಳನ್ನು ಎಸೆಯುತ್ತಿದ್ದುದು, ಅಂಗಡಿಯವರು ತಮ್ಮನ್ನು ಕಂಡು ಉಗುಳುತ್ತಿದ್ದುದು ಇವನ್ನೆಲ್ಲ ಆ ಸಭೆಯಲ್ಲಿಯೇ ಹೇಳಿದರು. ಕೇಳುತ್ತ ಕುಳಿತವರಲ್ಲಿ ಕೆಲವರಾದರೂ ತಲೆ ತಗ್ಗಿಸಿರಬೇಕು.

ಹಿಂದಿರುಗಿದಾಗ ಜಾತಿಯಿಂದ ಹೊರಹಾಕುವುದಿಲ್ಲವೇ ಎಂಬ ಪ್ರಶ್ನೆಗೆ, ತಾವು ಹಿಂದುವಾಗಿ ಹೋಗಿ ಹಿಂದುವಾಗಿಯೇ ಮರಳುವುದಾಗಿ ಅವರು ಘೋಷಿಸಿದರು. ಉಡುಗೆಯನ್ನು ಬದಲಿಸುವುದಿಲ್ಲ, ಆಹಾರವನ್ನು ಬದಲಿಸುವುದಿಲ್ಲ. ಹಾಗಿದ್ದ ಮೇಲೆ ಹೊರಹಾಕಲು ಕಾರಣವೇನು? ಒಬ್ಬಳೇ ಹೋಗುವುದೇಕೆಂಬುದಕ್ಕೆ ಮನೆಯ ಹಣಕಾಸಿನ ಸ್ಥಿತಿಯನ್ನು ಸಂಕೋಚವಿಲ್ಲದೆ ಹೇಳಿದರು. ಯಾವ ಹೆಂಗಸೂ ಮಾಡದ ಕೆಲಸವನ್ನು ಮಾಡುವುದೇಕೆಂಬ ಕಡೆಯ ಪ್ರಶ್ನೆಗೆ, ಸಮಾಜಕ್ಕೆ ಬೇಕಾದುದನ್ನು ಯಾರಾದರೊಬ್ಬರು ಮೊದಲು ಮಾಡಲೇಬೇಕೆಂಬುದೇ ಉತ್ತರವಾಯಿತು. ಉತ್ತರಗಳೆಲ್ಲವೂ ಮೊದಲೇ ಆಲೋಚಿಸಿದವು, ಆವೇಶದಲ್ಲಿ ಆಡಿದವಲ್ಲ. ಜನರ ಆಕ್ಷೇಪಣೆಗಳನ್ನು ಅವರು ಶತ್ರುಗಳ ಮಾತೆಂದು ತಳ್ಳಿಹಾಕದೆ, ತಮ್ಮ ಸಿದ್ಧತೆಯ ಒಂದು ಭಾಗವನ್ನಾಗಿ ಮಾಡಿಕೊಂಡಿದ್ದರು.

ಭಾಷಣದ ಸುದ್ದಿ ಪತ್ರಿಕೆಗಳಲ್ಲಿ ಹಬ್ಬಿತು. ನಿನ್ನೆಯವರೆಗೆ ನಗುತ್ತಿದ್ದ ಊರಿನಿಂದಾಚೆಗೆ, ದೂರದ ಪ್ರಾಂತಗಳಿಂದಲೂ ಧನಸಹಾಯ ಬರತೊಡಗಿತು. ವೈಸರಾಯರೂ ೨೦೦ ರೂಪಾಯಿಗಳನ್ನು ಕೊಟ್ಟರು. ಆನಂದಿಬಾಯಿಯವರು ತಮ್ಮ ಚಿನ್ನದ ಬಳೆಗಳನ್ನು ಮಾರಿದರು. ಪ್ರಯಾಣಕ್ಕೆ ತಕ್ಕ ಜೊತೆಯನ್ನು ಹುಡುಕಿದುದಾಯಿತು. ಅಮೆರಿಕಕ್ಕೆ ಹೊರಟಿದ್ದ ಮಿಷನ್ನಿನ ಮಹಿಳೆಯರೊಡನೆ ಹೋಗುವ ಏರ್ಪಾಟಾಯಿತು. ೧೮೮೩ನೆಯ ಏಪ್ರಿಲ್ ೭ರಂದು ಕಲ್ಕತ್ತೆಯ ಬಂದರಿನಿಂದ ಹಡಗು ಹೊರಟಿತು. ಗೋಪಾಲರಾಯರು ದಡದ ಮೇಲೆ ಉಳಿದರು. ಒಂಬತ್ತು ವರ್ಷಗಳ ಹಿಂದೆ, ಅಕ್ಷರವೂ ಸರಿಯಾಗಿ ಬಾರದೆ ಅವರ ಮನೆಗೆ ಬಂದಿದ್ದ ಹುಡುಗಿ, ಈಗ ಅವರು ಎಂದೂ ನೋಡದಿದ್ದ ದೇಶಕ್ಕೆ ಅವರನ್ನು ಬಿಟ್ಟು ಹೋಗುತ್ತಿದ್ದಳು.

ಜೂನ್ ತಿಂಗಳಲ್ಲಿ ನ್ಯೂಯಾರ್ಕ್ ಬಂದರಿನಲ್ಲಿ ಕಾರ್ಪೆಂಟರ್ ಅವರು ಆನಂದಿಬಾಯಿಯವರನ್ನು ಎದುರುಗೊಂಡರು. ಮೂರು ವರ್ಷ ಕಾಗದದಲ್ಲಿ ಮಾತ್ರ ಕಂಡಿದ್ದ ಮಾವಶಿ ಈಗ ಕಣ್ಣೆದುರಿಗೆ ನಿಂತಿದ್ದರು. ಆ ಬೇಸಗೆಯನ್ನು ರೋಸೆಲ್ಲಿನ ಅವರ ಮನೆಯಲ್ಲಿ ಕಳೆದುದು ಆನಂದಿಬಾಯಿಗೆ ಬಹಳ ಉಪಕಾರವಾಯಿತು. ಹೊಸ ದೇಶದ ಮಾತಿನ ಧಾಟಿ, ಜನರ ರೀತಿನೀತಿಗಳು ಕಾಲೇಜನ್ನು ಸೇರುವ ಮೊದಲೇ ರೂಢಿಯಾದುವು.

ಜೂನ್ ೨೮ರಂದು ಅವರು ಫಿಲಡೆಲ್ಫಿಯಾದ ಕಾಲೇಜಿಗೆ ಅರ್ಜಿಯನ್ನು ಬರೆದರು. ಅದು ಇಂದಿಗೂ ಉಳಿದು ಬಂದಿರುವ ಒಂದು ಅಪೂರ್ವ ಪತ್ರ. ಅರ್ಜಿ ಬರೆಯುವವರು ಸಾಮಾನ್ಯವಾಗಿ ತಮ್ಮ ಕೊರತೆಗಳನ್ನು ಮುಚ್ಚಿಡುತ್ತಾರೆ. ಆನಂದಿಬಾಯಿಯವರಾದರೋ ಪ್ರವೇಶಕ್ಕೆ ಬೇಕಾದ ಅರ್ಹತೆಗಳೆಲ್ಲವೂ ತಮಗಿಲ್ಲವೆಂಬುದನ್ನು ತಾವೇ ಒಪ್ಪಿಕೊಂಡರು. ನೆಂಟರ ಮತ್ತು ಜಾತಿಯವರ ವಿರೋಧವನ್ನೆಲ್ಲ ಎದುರಿಸಿ ತಮ್ಮನ್ನು ಅಲ್ಲಿಯವರೆಗೆ ಕರೆತಂದ ದೃಢಸಂಕಲ್ಪವನ್ನು ಮಾತ್ರ ಮುಂದಿಟ್ಟರು. ಪುರುಷ ವೈದ್ಯರಿಂದ ಚಿಕಿತ್ಸೆ ಪಡೆಯುವುದಕ್ಕಿಂತ ಸಾವನ್ನೇ ಬಯಸುವ ತಮ್ಮ ನಾಡಿನ ಹೆಂಗಸರಿಗೆ ನೆರವಾಗಬೇಕೆಂಬುದೇ ತಮ್ಮ ಗುರಿಯೆಂದು ತಿಳಿಸಿದರು. ಕಾಲೇಜಿನ ಮುಖ್ಯಸ್ಥೆ ರೇಚೆಲ್ ಬಾಡ್ಲಿಯವರು ಸ್ವತಃ ರಸಾಯನಶಾಸ್ತ್ರದ ವಿದ್ವಾಂಸೆ. ಅವರು ಪತ್ರದ ಹಿಂದಿದ್ದ ಮನಸ್ಸನ್ನು ಅರಿತುಕೊಂಡರು. ಪ್ರವೇಶವೂ ದೊರೆಯಿತು, ವಿದ್ಯಾರ್ಥಿವೇತನವೂ ದೊರೆಯಿತು. ಆ ವರ್ಷದ ಅಕ್ಟೋಬರ್ ತಿಂಗಳಿನಲ್ಲಿ ಪಾಠಗಳು ಆರಂಭವಾದುವು.

ಇಷ್ಟೆಲ್ಲ ಮುಂದಾಲೋಚನೆ ಮಾಡಿದ್ದವರಿಗೂ ತಿಳಿಯದ ಒಂದು ಸಂಗತಿಯಿದ್ದಿತು; ಅದು ಫಿಲಡೆಲ್ಫಿಯಾದ ಚಳಿ. ಹಿಮ ಬೀಳುವ ಆ ಊರಿನಲ್ಲಿ ಅವರ ಕೋಣೆಯ ಅಗ್ಗಿಷ್ಟಿಕೆ ಸರಿಯಾಗಿ ಉರಿಯುತ್ತಿರಲಿಲ್ಲ. ಬೆಂಕಿ ಹಾಕಿದರೆ ಕೋಣೆಯ ತುಂಬ ಹೊಗೆ, ಹಾಕದಿದ್ದರೆ ಮೈ ನಡುಗಿಸುವ ಶೀತ. ಸಸ್ಯಾಹಾರಿಗಳಿಗೆ ತಕ್ಕ ಊಟ ಅಲ್ಲಿ ಸುಲಭವಾಗಿ ಸಿಗುವಂತಿರಲಿಲ್ಲ. ಒಂಬತ್ತು ಗಜದ ಮರಾಠಿ ಸೀರೆ ಮೊಣಕಾಲಿನ ಕೆಳಗೆ ಕಾಲನ್ನು ಪೂರ್ತಿಯಾಗಿ ಮುಚ್ಚುವುದಿಲ್ಲ. ಆದುದರಿಂದ ಕಾಲನ್ನು ಮುಚ್ಚುವಂತೆ ಗುಜರಾತಿ ಹೆಂಗಸರ ರೀತಿಯಲ್ಲಿ ಸೀರೆಯುಡುವ ವಿಚಾರವನ್ನು ಗಂಡನಿಗೆ ಬರೆದು ತಿಳಿಸಿ, ಹಾಗೆಯೇ ಉಡತೊಡಗಿದರು. ಉಡುವ ಕ್ರಮ ಬದಲಾಯಿತೇ ಹೊರತು ಸೀರೆಯನ್ನು ಬಿಡಲಿಲ್ಲ. ಸೆರಾಂಪುರದಲ್ಲಿ ಕೊಟ್ಟ ಮಾತು ಅದು. ಅದನ್ನು ಅಷ್ಟು ಬಿಗಿಯಾಗಿ ಪಾಲಿಸದಿದ್ದರೆ ಅವರ ದೇಹಕ್ಕೆ ಒಳ್ಳೆಯದಾಗುತ್ತಿದ್ದಿತೇನೋ! ಆದರೆ ಆ ಮಾತಿನ ಬಲದಿಂದಲೇ ಅವರು ಹೊರಡಲು ಸಾಧ್ಯವಾದುದು. ಕಲ್ಕತ್ತೆಯಲ್ಲಿಯೇ ಬಳಲಿದ್ದ ಶರೀರ ಅಲ್ಲಿ ಇನ್ನಷ್ಟು ಕುಗ್ಗಿತು, ಕ್ಷಯರೋಗ ಒಳಹೊಕ್ಕಿತು.

ಆದರೂ ಓದು ನಿಲ್ಲಲಿಲ್ಲ. ಆ ಕಾಲೇಜಿಗೆ ಬೇರೆಬೇರೆ ದೇಶಗಳಿಂದ ಹೆಣ್ಣುಮಕ್ಕಳು ಬಂದಿದ್ದರು. ೧೮೮೫ನೆಯ ಅಕ್ಟೋಬರ್ ತಿಂಗಳಲ್ಲಿ ತೆಗೆದ ಛಾಯಾಚಿತ್ರವೊಂದರಲ್ಲಿ ಸೀರೆಯುಟ್ಟ ಆನಂದಿಬಾಯಿ, ಜಪಾನಿನ ಕೇ ಒಕಾಮಿ, ಸಿರಿಯಾದ ಸಬಾತ್ ಇಸ್ಲಾಂಬೂಲಿ ಈ ಮೂವರೂ ತಂತಮ್ಮ ನಾಡಿನ ಉಡುಗೆಯಲ್ಲಿ ಕುಳಿತಿದ್ದಾರೆ. ಮೂವರೂ ಮನೆಯಿಂದ ಸಾವಿರಾರು ಮೈಲಿ ದೂರ ಬಂದವರು. ಮೂವರೂ ಒಂದೇ ವಿದ್ಯೆಗಾಗಿ ಬಂದವರು. ಗೋಪಾಲರಾಯರೂ ಕೊನೆಗೆ ಅಮೆರಿಕಕ್ಕೆ ಬಂದು ಸೇರಿದರು. ಪ್ರಾಚೀನ ಹಿಂದೂಗಳ ಪ್ರಸೂತಿ ವಿಧಾನಗಳನ್ನು ಕುರಿತು ಆನಂದಿಬಾಯಿಯವರು ಪ್ರಬಂಧ ಬರೆದರು. ಮಗುವನ್ನು ಕಳೆದುಕೊಂಡ ತಾಯಿ ಆರಿಸಿಕೊಂಡ ವಿಷಯ ಅದು.

೧೮೮೬ನೆಯ ಮಾರ್ಚ್ ೧೧ರಂದು ಅವರಿಗೆ ಎಂ.ಡಿ. ಪದವಿ ದೊರೆಯಿತು. ಪಾಶ್ಚಾತ್ಯ ವೈದ್ಯಶಾಸ್ತ್ರದಲ್ಲಿ ಆ ಪದವಿಯನ್ನು ಗಳಿಸಿದ ಮೊದಲ ಹಿಂದೂ ಮಹಿಳೆ ಅವರು. ವಿದುಷಿ ಪಂಡಿತಾ ರಮಾಬಾಯಿಯವರು ಆ ಸಮಾರಂಭದಲ್ಲಿ ಉಪಸ್ಥಿತರಿದ್ದರು. ಬಾಡ್ಲಿಯವರು ಈ ಸಮಾಚಾರವನ್ನು ವಿಕ್ಟೋರಿಯಾ ರಾಣಿಗೂ ತಿಳಿಸಿದರು. ಅತ್ತ ಕೊಲ್ಲಾಪುರ ಸಂಸ್ಥಾನದಿಂದ ಕರೆ ಬಂದಿತು. ಅಲ್ಲಿಯ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಸ್ತ್ರೀ ವಿಭಾಗದ ಮುಖ್ಯ ವೈದ್ಯೆಯ ಸ್ಥಾನವನ್ನು ಅವರಿಗೆ ಕೊಡಲಾಯಿತು. ಎಂಟು ವರ್ಷಗಳ ಹಿಂದೆ ಯಾವ ಊರಿನಿಂದ ಮೊದಲ ಕಾಗದ ಹೊರಟಿದ್ದಿತೋ ಅದೇ ಊರಿಗೆ ಅವರು ವೈದ್ಯರಾಗಿ ಮರಳಬೇಕಾಗಿದ್ದಿತು.

೧೮೮೬ನೆಯ ನವೆಂಬರ್ ತಿಂಗಳಿನಲ್ಲಿ ದಂಪತಿಗಳು ಮುಂಬಯಿಯಲ್ಲಿ ಇಳಿದರು. ಸಮಾಜ ಹೇಗೆ ಬರಮಾಡಿಕೊಂಡೀತೆಂಬ ಚಿಂತೆ ಮನಸ್ಸಿನಲ್ಲಿದ್ದಿರಬೇಕು. ಆದರೆ ಜನರು ಅವರನ್ನು ವೀರರನ್ನು ಸ್ವಾಗತಿಸುವಂತೆ ಸ್ವಾಗತಿಸಿದರು. ಬಹಿಷ್ಕಾರದ ಮಾತೆತ್ತುವರೆಂದು ಭಾವಿಸಿದ್ದವರಲ್ಲಿಯೂ ಹಲವರು ನೋಡಲು ಬಂದರು. ಆರು ಪ್ರಶ್ನೆಗಳಲ್ಲಿ ಒಂದಕ್ಕೆ ಕಾಲವೇ ಉತ್ತರ ಕೊಟ್ಟಿತು. ಆದರೆ ಏನಾದರೂ ಕೇಡು ಸಂಭವಿಸಿದರೆ ಎಂಬ ಇನ್ನೊಂದು ಪ್ರಶ್ನೆಯೂ ಆ ಸಭೆಯಲ್ಲಿ ಬಂದಿದ್ದಿತು. ಆನಂದಿಬಾಯಿಯವರು ಊರಿಗೆ ಬಂದುದು ರೋಗಿಯಾಗಿ. ಪುಣೆಯಲ್ಲಿ ನಡೆದ ಚಿಕಿತ್ಸೆಗಳಿಂದ ಫಲವಾಗಲಿಲ್ಲ. ಕೊಲ್ಲಾಪುರದ ಆಸ್ಪತ್ರೆಯಲ್ಲಿ ಅವರಿಗಾಗಿ ಕಾದಿದ್ದ ಸ್ಥಾನದಲ್ಲಿ ಒಂದು ದಿನವಾದರೂ ಕುಳಿತು ರೋಗಿಯ ಕೈ ಹಿಡಿದು ನೋಡುವ ಅವಕಾಶ ಅವರಿಗೆ ದೊರೆಯಲಿಲ್ಲ. ೧೮೮೭ನೆಯ ಫೆಬ್ರವರಿ ೨೬ರಂದು ಅವರು ತೀರಿಕೊಂಡರು. ಆಗ ಅವರಿಗೆ ಇಪ್ಪತ್ತೆರಡು ವರ್ಷ ತುಂಬಿರಲಿಲ್ಲ. ಸೆರಾಂಪುರದ ಭಾಷಣ ನಡೆದು ನಾಲ್ಕು ವರ್ಷಗಳ ಮೇಲೆ ಎರಡು ದಿನಗಳಾಗಿದ್ದುವು.

ಅಂತ್ಯಕ್ರಿಯೆಯು ಹಿಂದೂ ವಿಧಿಯಂತೆ ನಡೆಯಿತು. ಮರುವರ್ಷವೇ ಅಮೆರಿಕದ ಲೇಖಕಿ ಕ್ಯಾರೊಲಿನ್ ಡಾಲ್ ಅವರು ಆನಂದಿಬಾಯಿಯ ಜೀವನಚರಿತ್ರೆಯನ್ನು ಬರೆದು ಪ್ರಕಟಿಸಿದರು. ಗೋಪಾಲರಾಯರು ಹೆಂಡತಿಯ ಚಿತಾಭಸ್ಮವನ್ನು ಕಾರ್ಪೆಂಟರ್ ಅವರಿಗೆ ಕಳುಹಿಸಿಕೊಟ್ಟರು. ಅದು ಮತ್ತೊಮ್ಮೆ ಕಡಲನ್ನು ದಾಟಿತು. ನ್ಯೂಯಾರ್ಕ್ ಪ್ರಾಂತದ ಪೊಕಿಪ್ಸಿ ಎಂಬ ಊರಿನಲ್ಲಿ ಕಾರ್ಪೆಂಟರ್ ಮನೆತನದವರ ಸಮಾಧಿಗಳಿರುವ ಸ್ಥಳದಲ್ಲಿ, ಮಾವಶಿಯು ಅದನ್ನು ತಮ್ಮವರ ನಡುವೆ ಇರಿಸಿದರು.